ಬೆಟ್ಟ ಊರಿನದಾದರೆ ಸಾಲದು, ಬೆಲೆಯೂ ಊರಿನದಾಗಬೇಕು

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಲೆ, ಸಾಲ, ಜಪ್ತಿ. ನಮ್ಮ ಸಭೆಗಳಲ್ಲಿ ಈ ಮೂರನ್ನು ಬಿಟ್ಟು ಬೇರೆ ಮಾತು ನಡೆಯುವುದೇ ಅಪರೂಪ. ನಾನೂ ಇವತ್ತು ಮಾತಾಡೋದು ಈ ಮೂರರ ಬಗ್ಗೆಯೇ. ಆದರೆ ಸ್ವಲ್ಪ ಸುತ್ತು ದಾರಿಯಲ್ಲಿ ಬರ್ತೇನೆ, ಬೇಸರ ಮಾಡ್ಕೋಬೇಡಿ. ಮೆಕ್ಸಿಕೋ ದೇಶದ ದಕ್ಷಿಣದಲ್ಲಿ ಒಹಾಕಾ ಎಂಬ ರಾಜ್ಯವಿದೆ. ಅಲ್ಲಿನ ಬೆಟ್ಟಸಾಲಿನ ರೈತರು ಕಾಡನ್ನೂ ಹೊಲವನ್ನೂ ಊರೊಟ್ಟಿನ ಆಸ್ತಿಯಾಗಿ ಇಟ್ಟುಕೊಂಡಿದ್ದಾರೆ. ಒಡೆತನ ಅಂದ್ರೆ ಏನು ಅಂತ ಅವರು ಕಷ್ಟಪಟ್ಟು ಕಲಿತದ್ದನ್ನು ನಾವು ಸುಮ್ಮನೆ ಕೂತು ಕೇಳಿ ಕಲಿಯಬಹುದು.

ನಿಮ್ಮಲ್ಲಿ ಬಹಳ ಜನ ಕೇಳ್ತೀರಿ: "ಸ್ವಾಮಿ, ಎಲ್ಲರ ಆಸ್ತಿ ಅಂದ್ರೆ ಯಾರ ಆಸ್ತಿಯೂ ಅಲ್ಲ. ನನ್ನ ಹೆಸರಿನ ಪಹಣಿ ನನ್ನ ಕೈಲಿದ್ರೇ ನಾನು ರೈತ." ನ್ಯಾಯವಾದ ಮಾತು. ಮೆಕ್ಸಿಕೋದಲ್ಲೂ ಒಬ್ಬ ದೊಡ್ಡ ಮನುಷ್ಯರು ಹೀಗೇ ಯೋಚಿಸಿದ್ದರು. ಬೆನಿಟೋ ಹ್ವಾರೆಸ್ ಅಂತ ಅವರ ಹೆಸರು. 1806ರಲ್ಲಿ ಇದೇ ಬೆಟ್ಟಸಾಲಿನ ಗೆಲತಾವೊ ಎಂಬ ಹಳ್ಳಿಯಲ್ಲಿ, ಝಪೊಟೆಕ್ ಎಂಬ ಮೂಲನಿವಾಸಿ ಜನರಲ್ಲಿ ಹುಟ್ಟಿ, ಮುಂದೆ ದೇಶದ ಅಧ್ಯಕ್ಷರಾದರು. ಅವರ ಉದಾರವಾದಿ ಪಕ್ಷ 1856ರಲ್ಲಿ ಒಂದು ಕಾನೂನು ತಂದಿತು. ಚರ್ಚಿನ ಆಸ್ತಿ, ಊರೊಟ್ಟಿನ ಆಸ್ತಿ ಎಲ್ಲವನ್ನೂ ಖಾಸಗಿ ಒಡೆತನಕ್ಕೆ ಬಿಡಬೇಕು ಎಂಬುದು ಅದರ ಸಾರ. ಉದ್ದೇಶ ಒಳ್ಳೆಯದೇ ಇತ್ತು. ತನ್ನ ಹೆಸರಿನಲ್ಲಿ ಜಮೀನು ಇದ್ದರೆ ರೈತ ಮುಂದೆ ಬರ್ತಾನೆ ಎಂಬ ನಂಬಿಕೆ.

ಆದದ್ದೇನು? ಒಬ್ಬೊಬ್ಬನ ಹೆಸರಿಗೆ ಬಂದ ಜಮೀನನ್ನು ಮಾರಬಹುದಾಯಿತು, ಅಡವಿಡಬಹುದಾಯಿತು, ಸಾಲಕ್ಕೆ ಕಳೆದುಕೊಳ್ಳಬಹುದಾಯಿತು. ಮುಂದಿನ ಐವತ್ತು ವರ್ಷಗಳಲ್ಲಿ ದೇಶದ ಹಲವೆಡೆ ಹಳ್ಳಿಗಳ ಭೂಮಿ ದೊಡ್ಡ ಜಮೀನ್ದಾರರ ಎಸ್ಟೇಟುಗಳಿಗೆ ಸೇರಿಹೋಯಿತು. ಅದನ್ನು ಉಳುತ್ತಿದ್ದವರು ಅಲ್ಲೇ ಕೂಲಿಗಳಾದರು, ಜಮೀನ್ದಾರನ ಅಂಗಡಿಯಲ್ಲೇ ಸಾಲ ಮಾಡಿ, ಆ ಸಾಲಕ್ಕೇ ದುಡಿದರು. 1910ರಲ್ಲಿ ಕ್ರಾಂತಿಯಾಯಿತು. 1911ರಲ್ಲಿ ಎಮಿಲಿಯಾನೊ ಸಪಾಟಾ ಎಂಬ ರೈತ ನಾಯಕ ಮುಂದಿಟ್ಟ ಬೇಡಿಕೆ ಒಂದೇ: ಹಳ್ಳಿಗಳಿಂದ ಕಿತ್ತುಕೊಂಡ ಹೊಲ, ಕಾಡು, ನೀರು ಹಳ್ಳಿಗಳಿಗೆ ವಾಪಸು ಬರಬೇಕು. 1917ರ ಸಂವಿಧಾನದ 27ನೇ ವಿಧಿ ಆ ಬೇಡಿಕೆಯನ್ನು ಕಾನೂನು ಮಾಡಿತು. 1934ರಿಂದ 1940ರವರೆಗೆ ಅಧ್ಯಕ್ಷರಾಗಿದ್ದ ಲಾಸರೊ ಕಾರ್ದೆನಾಸ್ ಸುಮಾರು 1.8 ಕೋಟಿ ಹೆಕ್ಟೇರ್, ಅಂದರೆ ನಾಲ್ಕೂವರೆ ಕೋಟಿ ಎಕರೆಯಷ್ಟು ಭೂಮಿಯನ್ನು ಹಂಚಿದರು. ಇವತ್ತಿಗೂ ಮೆಕ್ಸಿಕೋದ ಹೆಚ್ಚುಕಡಿಮೆ ಅರ್ಧ ಭೂಮಿ ಹಳ್ಳಿಗಳ ಒಟ್ಟು ಒಡೆತನದಲ್ಲಿದೆ.

ಈ ಒಡೆತನದಲ್ಲಿ ಎರಡು ಬಗೆ. ಸರ್ಕಾರವೇ ಹೊಸದಾಗಿ ಒಂದು ಗುಂಪಿಗೆ ಕೊಟ್ಟ ಭೂಮಿಗೆ 'ಎಹಿದೋ' ಅಂತಾರೆ. ತಲೆತಲಾಂತರದಿಂದ ಊರಿನದೇ ಆಗಿದ್ದ ಭೂಮಿಯನ್ನು ಸರ್ಕಾರ ಒಪ್ಪಿ ಬರೆದುಕೊಟ್ಟರೆ ಅದು 'ಸಮುದಾಯ'. ಒಹಾಕಾದ ಬೆಟ್ಟಗಳಲ್ಲಿ ಹೆಚ್ಚಾಗಿರೋದು ಈ ಎರಡನೆಯದು. ಉಳುವ ತುಂಡು ಒಂದೊಂದು ಮನೆತನದ ಕೈಲಿರುತ್ತೆ. ಅದರಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಕೂಡಿಸಿ ಬೆಳೀತಾರೆ, ನಮ್ಮ ಅಕ್ಕಡಿ ಬೇಸಾಯದ ಹಾಗೆ. ಆ ತುಂಡು ಮಕ್ಕಳಿಗೆ ಹೋಗುತ್ತೆ. ಕಾಡು ಮಾತ್ರ ಪಾಲಾಗೋದಿಲ್ಲ, ಒಟ್ಟಿಗೇ ಇರುತ್ತೆ. ಹೊಲವಾಗಲಿ ಕಾಡಾಗಲಿ ಊರ ಹೊರಗಿನವನಿಗೆ ಮಾರೋ ಹಾಗಿಲ್ಲ, ಅಡವಿಡೋ ಹಾಗಿಲ್ಲ, ಸಾಲಕ್ಕೆ ಜಪ್ತಿ ಮಾಡೋ ಹಾಗಿಲ್ಲ.

ಈ ಕೊನೇ ಮಾತನ್ನು ಇನ್ನೊಂದು ಸಲ ಕೇಳಿಸಿಕೊಳ್ಳಿ. ಜಪ್ತಿ ಮಾಡೋ ಹಾಗಿಲ್ಲ. ಅಮೀನ ಬಂದು ಬಾಗಿಲಿಗೆ ನೋಟೀಸು ಅಂಟಿಸಿ, ತಮಟೆ ಹೊಡೆಸಿ ಜಮೀನು ಹರಾಜು ಹಾಕುವ ಮಾತೇ ಅಲ್ಲಿ ಇಲ್ಲ.

ಹಾಗಂತ ಅವರು ಸ್ವರ್ಗದಲ್ಲಿದ್ದಾರೆ ಅಂತ ತಿಳೀಬೇಡಿ. ಜಪ್ತಿ ಮಾಡಲಾಗದ ಜಮೀನಿಗೆ ಯಾವ ಬ್ಯಾಂಕೂ ಸಾಲ ಕೊಡೋದಿಲ್ಲ. ಅದಕ್ಕೇ ಕಾರ್ದೆನಾಸರ ಕಾಲದಲ್ಲಿ ಸರ್ಕಾರವೇ ಎಹಿದೋ ರೈತರಿಗಾಗಿ ಒಂದು ಬ್ಯಾಂಕು ತೆರೆಯಿತು. ಬ್ಯಾಂಕು ಸಾಲ ಕೊಟ್ಟಿತು, ಜೊತೆಗೆ ಏನು ಬೆಳೀಬೇಕು, ಯಾರಿಗೆ ಕೊಡಬೇಕು ಅಂತ ತಾನೇ ಹೇಳತೊಡಗಿತು. ಹತ್ತಿ ಬೆಳೆಯುವ ಬಯಲುಸೀಮೆಯ ಎಹಿದೋಗಳಲ್ಲಿ ಹಳೇ ಜಮೀನ್ದಾರ ಎದ್ದುಹೋದ ಕುರ್ಚಿಯಲ್ಲಿ ಬ್ಯಾಂಕಿನ ಅಧಿಕಾರಿ ಬಂದು ಕೂತ. ಭೂಮಿ ಜಪ್ತಿಯಾಗಲಿಲ್ಲ ನಿಜ, ಆದರೆ ಬೆಳೆ ಬ್ಯಾಂಕಿನ ಹಿಡಿತಕ್ಕೆ ಹೋಯಿತು. ಒಡೆತನದ ಕಾಗದ ಒಂದು ಕಡೆ, ಬೆಲೆ ಕಟ್ಟುವ ಅಧಿಕಾರ ಇನ್ನೊಂದು ಕಡೆ ಆದರೆ ಏನಾಗುತ್ತೆ ಎಂಬುದು ಅಲ್ಲಿ ಮೊದಲು ಕಂಡಿತು. ಬೆಟ್ಟದ ಕಾಡಿನಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕಂಡಿತು. ನಾನು ಮುಖ್ಯವಾಗಿ ಹೇಳಬೇಕಾದ್ದು ಅದನ್ನೇ.

1956ರಲ್ಲಿ ಮೆಕ್ಸಿಕೋ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಒಹಾಕಾದ ಬೆಟ್ಟಸಾಲಿನ ಸುಮಾರು 2.5 ಲಕ್ಷ ಹೆಕ್ಟೇರ್ ಕಾಡಿನ ಮರ ಕಡಿಯುವ ಹಕ್ಕನ್ನು ತುಸ್ತೆಪೆಕ್ ಎಂಬ ಊರಿನ ಕಾಗದದ ಕಾರ್ಖಾನೆಗೆ 25 ವರ್ಷ ಬರೆದುಕೊಟ್ಟಿತು. ಕಾಡು ಮಾತ್ರ ಹಳ್ಳಿಗಳದ್ದೇ. ಅದರ ಕಾಗದವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಹಳ್ಳಿಯವರು ತಮ್ಮ ಮರವನ್ನು ಆ ಕಾರ್ಖಾನೆಗಲ್ಲದೆ ಬೇರೆ ಯಾರಿಗೂ ಕೊಡೋ ಹಾಗಿಲ್ಲ. ಕಬ್ಬು ಬೆಳೆಯೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆ ನಿಮ್ಮದು, ಕಬ್ಬು ನಿಮ್ಮದು, ಯಾವ ಕಾರ್ಖಾನೆಗೆ ಹೋಗಬೇಕು ಅಂತ ಗೆರೆ ಎಳೆಯೋದು ಸರ್ಕಾರ.

ಮರಕ್ಕೆ ಇಷ್ಟು ಅಂತ ಹಳ್ಳಿಗೆ ಒಂದು ಶುಲ್ಕ ಬರಬೇಕಿತ್ತು. ಅದನ್ನು ಗೊತ್ತುಮಾಡಿದವರು ಹಳ್ಳಿಯವರಲ್ಲ. ಆ ಹಣದಲ್ಲೂ ದೊಡ್ಡ ಪಾಲು ರಾಜಧಾನಿಯ ಒಂದು ಸರ್ಕಾರಿ ನಿಧಿಗೆ ಹೋಗಿ ಕೂರುತ್ತಿತ್ತು. ಶಾಲೆಗೆ ಹೆಂಚು ಹೊದಿಸಬೇಕಾದರೂ ಹಳ್ಳಿಯವರು ಅರ್ಜಿ ಹಿಡಿದು ಅಲ್ಲಿಗೆ ಅಲೆಯಬೇಕು. ಇತ್ತ ಕಂಪೆನಿ ಒಳ್ಳೊಳ್ಳೆ ಪೈನ್ ಮರಗಳನ್ನೆಲ್ಲ ಆರಿಸಿ ಕಡಿದು, ಸೊಟ್ಟ ಮರಗಳನ್ನು ಬಿಟ್ಟುಹೋಗುತ್ತಿತ್ತು. ಒಳ್ಳೆ ಕಾಯಿಗಳನ್ನೆಲ್ಲ ಮಾರಿ ಜೊಳ್ಳನ್ನೇ ಬೀಜಕ್ಕಿಟ್ಟರೆ ಮುಂದಿನ ಬೆಳೆ ಹೇಗಿರುತ್ತೆ, ನೀವೇ ಹೇಳಿ. ಕಾರ್ಖಾನೆ 1960ರ ದಶಕದಲ್ಲಿ ಸರ್ಕಾರದ ಒಡೆತನಕ್ಕೆ ಬಂತು. ಹಳ್ಳಿಗಳ ಪಾಲಿಗೆ ಅದರಿಂದ ಹೆಚ್ಚೇನೂ ಬದಲಾಗಲಿಲ್ಲ.

1968ರಲ್ಲಿ ಹಲವು ಹಳ್ಳಿಗಳು ಸೇರಿ ಕಂಪೆನಿಗೆ ಮರ ಕೊಡೋದನ್ನೇ ನಿಲ್ಲಿಸಿದವು. ಹೋರಾಟ ಕೆಲವು ವರ್ಷ ನಡೆಯಿತು. ಆಗ ಅವರು ಕೇಳಿದ್ದು ಶುಲ್ಕ ಹೆಚ್ಚಿಸಿ, ಕೂಲಿ ಹೆಚ್ಚಿಸಿ, ರಸ್ತೆ ಮಾಡಿಕೊಡಿ ಅಂತ. ನಾವು ಬೆಂಬಲ ಬೆಲೆ ಕೇಳುವ ಹಾಗೆ. ಸ್ವಲ್ಪ ಸಿಕ್ಕಿತು. ಆದರೆ ಬೆಲೆ ಕಟ್ಟುವ ಕೈ ಬದಲಾಗಲಿಲ್ಲ. ಆ ಅನುಭವದ ಮೇಲೆ ಮುಂದಿನ ಬೇಡಿಕೆ ಬೇರೆಯಾಯಿತು. 25 ವರ್ಷದ ಅವಧಿ ಮುಗಿಯುವ ಹೊತ್ತಿಗೆ, 1980ರಲ್ಲಿ, ಬೆಟ್ಟದ ಹಳ್ಳಿಗಳು ತಮ್ಮದೇ ಒಂದು ಸಂಘಟನೆ ಕಟ್ಟಿದವು. ಸರ್ಕಾರ ಗುತ್ತಿಗೆಯನ್ನು ಮುಂದುವರಿಸಲು ಹೊರಟಾಗ ಊರೂರಿನ ಸಭೆಗಳಲ್ಲಿ ಠರಾವು ಮಾಡಿ, ಕೋರ್ಟಿಗೂ ಹೋದವು. ಕೊನೆಗೆ ಗುತ್ತಿಗೆ ರದ್ದಾಯಿತು. 1986ರಲ್ಲಿ ಬಂದ ಹೊಸ ಅರಣ್ಯ ಕಾನೂನು ಇಂಥ ಗುತ್ತಿಗೆಗಳ ಪದ್ಧತಿಯನ್ನೇ ಕೊನೆಗಾಣಿಸಿತು.

ಗೆದ್ದದ್ದಾಯಿತು. ಮಾರನೇ ದಿನ ಬೆಳಿಗ್ಗೆ ಏನು ಮಾಡಬೇಕು? ಬಹಳ ಚಳವಳಿಗಳು ಸೋಲೋದು ಇಲ್ಲೇ. ಕಂಪೆನಿ ಹೋಯಿತು, ಮರ ಕಡಿಯೋರು ಯಾರು, ಕೊಯ್ಯೋರು ಯಾರು, ಕೊಳ್ಳೋರು ಯಾರು? ಈ ಹಳ್ಳಿಗಳಿಗೆ ಒಂದು ಅನುಕೂಲವಿತ್ತು. ಕಂಪೆನಿಯಲ್ಲಿ ಕೂಲಿ ಮಾಡಿದವರು ಅವರ ಮಕ್ಕಳೇ. ಯಂತ್ರದ ಗರಗಸ ಹಿಡಿಯೋದು, ದಿಮ್ಮಿ ಎಳೆಯೋದು, ಲಾರಿ ಓಡಿಸೋದು ಎಲ್ಲಾ ಅವರಿಗೆ ಬರ್ತಿತ್ತು. ಹಳ್ಳಿಗಳು ತಮ್ಮದೇ ಮರದ ಉದ್ದಿಮೆ ತೆರೆದವು. ಕಾಡಿನ ಲೆಕ್ಕ ಗೊತ್ತಿರುವ ಎಂಜಿನಿಯರುಗಳನ್ನು ತಾವೇ ಸಂಬಳ ಕೊಟ್ಟು ಇಟ್ಟುಕೊಂಡವು. 1989ರಲ್ಲಿ ಕಪುಲಾಲ್ಪಮ್ ಮೊದಲಾದ ನಾಲ್ಕು ಹಳ್ಳಿಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡು, ನಾಲ್ಕಕ್ಕೂ ಸೇರಿ ತಾಂತ್ರಿಕ ಕಚೇರಿ ನಡೆಸಿದವು. ವರ್ಷಕ್ಕೆ ಎಷ್ಟು ಮರ ಕಡಿಯಬಹುದು, ಎಲ್ಲಿ ಕಡಿಯಬಾರದು, ನೀರಿನ ಸೆಲೆಯ ಸುತ್ತ ಎಷ್ಟು ಕಾಡು ಮುಟ್ಟದೆ ಬಿಡಬೇಕು ಎಂಬ ಯೋಜನೆ ಈ ಕಚೇರಿಯದು. ಸರ್ಕಾರ ಅದನ್ನು ಒಪ್ಪಬೇಕು. ಯೋಜನೆ ಮಾಡಿದ ಎಂಜಿನಿಯರು ಮಾತ್ರ ಹಳ್ಳಿಗೇ ಉತ್ತರ ಹೇಳಬೇಕು.

ಇಸ್ತ್‌ಲಾನ್ ಎಂಬ ಊರನ್ನು ನೋಡಿ. 19,000 ಹೆಕ್ಟೇರಿಗೂ ಹೆಚ್ಚು ಭೂಮಿ, 384 ಜನ ಸಮುದಾಯದ ಸದಸ್ಯರು. ಮೊದಲು ನಿಂತ ಮರಕ್ಕೆ ಶುಲ್ಕ ತಗೋತಿದ್ದರು. ಆಮೇಲೆ ದಿಮ್ಮಿ ಮಾರಿದರು. ಆಮೇಲೆ ಸ್ವಂತ ಮಿಲ್ಲಿನಲ್ಲಿ ಹಲಗೆ ಕೊಯ್ದರು. ಆಮೇಲೆ ಪೀಠೋಪಕರಣದ ಕಾರ್ಖಾನೆ ಹಾಕಿದರು. ಬೇರೆ ಎರಡು ಸಮುದಾಯಗಳ ಜೊತೆ ಸೇರಿ ಪೇಟೆಯಲ್ಲಿ ಅಂಗಡಿ ತೆರೆದು, ಶಾಲೆಗಳ ಬೆಂಚು ಡೆಸ್ಕುಗಳನ್ನೂ ಮಾಡಿಕೊಟ್ಟರು. ಒಂದೊಂದು ಮೆಟ್ಟಿಲು ಹತ್ತಿದಾಗಲೂ ಮೊದಲು ಇನ್ನೊಬ್ಬನ ಜೇಬಿಗೆ ಹೋಗುತ್ತಿದ್ದ ಹಣ ಊರಿನಲ್ಲಿ ಉಳಿಯಿತು. ನಮ್ಮ ಸ್ಥಿತಿ ನೆನಪು ಮಾಡಿಕೊಳ್ಳಿ. ತೊಗರಿ ಮಾರೋನೂ ನೀವೇ, ತೊಗರಿಬೇಳೆ ಕೊಳ್ಳೋನೂ ನೀವೇ. ನಡುವಿನ ಹಣ ಯಾರದ್ದು?

ಊರಿನ ಹಣ ಅಂದ್ರೆ ತಿನ್ನೋರು ಹುಟ್ಟಿಕೊಳ್ತಾರೆ, ಇದೂ ನಿಮ್ಮ ಮನಸ್ಸಲ್ಲಿದೆ. ಅಲ್ಲಿನ ಏರ್ಪಾಡು ಹೀಗಿದೆ. ಎಲ್ಲಕ್ಕಿಂತ ಮೇಲೆ ಸದಸ್ಯರ ಮಹಾಸಭೆ. ಆಡಳಿತ ನೋಡಿಕೊಳ್ಳೋಕೆ ಮೂರು ವರ್ಷಕ್ಕೊಮ್ಮೆ ಆರಿಸಿದ ಒಂದು ಸಮಿತಿ. ಆ ಸಮಿತಿಯ ಮೇಲೆ ಕಣ್ಣಿಡೋಕೆ ಬೇರೆಯಾಗಿ ಆರಿಸಿದ ಇನ್ನೊಂದು ಸಮಿತಿ. ಲೆಕ್ಕ ಸಭೆಯ ಮುಂದೆ ಬರಬೇಕು. ಜೊತೆಗೆ 'ತೆಕಿಯೊ' ಅಂತ ಒಂದು ಪದ್ಧತಿ: ದಾರಿ ಸರಿಮಾಡೋದು, ಸಸಿ ನೆಡೋದು, ಕಾಡಿಗೆ ಬೆಂಕಿ ಬಿದ್ದರೆ ಆರಿಸೋದು, ಇದಕ್ಕೆಲ್ಲ ಪ್ರತಿ ಮನೆಯಿಂದ ಕೂಲಿಯಿಲ್ಲದೆ ಆಳು ಬರಬೇಕು. ಊರಿನ ಹುದ್ದೆಗಳೂ ಬಹಳ ಕಡೆ ಸಂಬಳವಿಲ್ಲದ ಸೇವೆಯೇ. ಕೆಳಗಿನ ಹುದ್ದೆ ನಮ್ಮ ತಳವಾರಿಕೆಯಂಥದ್ದು: ಕಾವಲು ಕಾಯಬೇಕು, ಓಲೆ ಮುಟ್ಟಿಸಬೇಕು. ನಮ್ಮಲ್ಲಿ ಆ ಕೆಲಸವನ್ನು ಒಂದು ಜಾತಿಯ ತಲೆಗೆ ಕಟ್ಟಿ ಕೈತೊಳೆದುಕೊಂಡೆವು. ಅಲ್ಲಿ ಮುಂದೆ ಊರಿನ ಯಜಮಾನನಾಗಬೇಕಾದವನೂ ಮೊದಲು ಈ ಸೇವೆ ಮಾಡಿ ಮೇಲೆ ಬರಬೇಕು. ಲಾಭದಲ್ಲಿ ಒಂದು ಭಾಗ ಯಂತ್ರಕ್ಕೆ, ಒಂದು ಭಾಗ ಕಾಡಿಗೆ. ಉಳಿದದ್ದು ರಸ್ತೆ, ನೀರು, ಶಾಲೆಗೆ, ಕೆಲವು ಊರಲ್ಲಿ ಸದಸ್ಯರಿಗೆ ಹಂಚಿಕೆ. ಎಷ್ಟೆಷ್ಟು ಅಂತ ಪ್ರತಿ ವರ್ಷ ಜಗಳ. ಜಗಳ ಸಭೆಯಲ್ಲಿ ನಡೆದರೆ ಒಳ್ಳೇದು ಅಂತಲೇ ನಾನು ಹೇಳ್ತೇನೆ.

ಕೊರತೆಗಳನ್ನೂ ಮುಚ್ಚಿಡಬಾರದು. ಸದಸ್ಯತ್ವ ಬಹುಪಾಲು ಗಂಡಸರದ್ದು, ಹೆಂಗಸರು ಬಹಳ ಕಡಿಮೆ. ಆಮೇಲೆ ಬಂದು ನೆಲೆಸಿದವರಿಗೆ ಒಡೆತನದಲ್ಲಿ ಪಾಲಿಲ್ಲ. ಹುಡುಗರು ಅಮೆರಿಕಕ್ಕೆ ಗುಳೆ ಹೋಗ್ತಾರೆ. ಊರೂರಿನ ನಡುವೆ ಗಡಿ ವ್ಯಾಜ್ಯ ತಲೆಮಾರುಗಟ್ಟಲೆ ನಡೆಯುತ್ತೆ. ಎಲ್ಲಕ್ಕಿಂತ ದೊಡ್ಡದು, ಕಾಡಿಲ್ಲದ ಬಯಲಿನ ಹಳ್ಳಿಗಳ ಪಾಡು. 1992ರಲ್ಲಿ 27ನೇ ವಿಧಿಯನ್ನು ತಿದ್ದಿ, ಎಹಿದೋ ಹೊಲಗಳನ್ನು ಖಾಸಗಿ ಮಾಡಿಕೊಳ್ಳಲು ದಾರಿ ತೆರೆದರು. 1994ರ ಜನವರಿ 1ರಂದು ಅಮೆರಿಕ ಮತ್ತು ಕೆನಡಾ ಜೊತೆಗಿನ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಸಬ್ಸಿಡಿ ತಿಂದು ಬೆಳೆದ ಅಮೆರಿಕದ ಮೆಕ್ಕೆಜೋಳ ಒಳಗೆ ನುಗ್ಗಿತು, ಮೆಕ್ಕೆಜೋಳದ ತವರಿನಲ್ಲೇ ಅದನ್ನು ಬೆಳೆಯುವ ರೈತನಿಗೆ ಬೆಲೆ ಬಿತ್ತು. ಹೊಲ ಊರೊಟ್ಟಿನದೇ ಆಗಿದ್ದರೂ ಬೆಲೆ ಪರರ ಕೈಲಿದ್ದಾಗ ಅದು ಅವರನ್ನು ಕಾಪಾಡಲಿಲ್ಲ. ಆದರೂ ಒಂದು ಮಾತು ಗಮನಿಸಿ: ಮಾರಬಹುದು ಅಂತ ಕಾನೂನು ಬಂದ ಮೇಲೂ ಬಹುಪಾಲು ಹಳ್ಳಿಗಳು ತಮ್ಮ ಭೂಮಿಯನ್ನು ಪೂರ್ತಿ ಖಾಸಗಿ ಮಾಡಿಕೊಳ್ಳಲಿಲ್ಲ. ಕಾಡನ್ನು ಪಾಲು ಮಾಡಲು ಆ ಕಾನೂನೂ ಬಿಡಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ಕಾಗದದ ಕಾರ್ಖಾನೆಗೆ ಕಾಡು ಬರೆದುಕೊಟ್ಟ ಕಥೆ ಕೇಳುವಾಗ ಕೆಲವರಿಗೆ ಇಲ್ಲಿನದೇ ನೆನಪಾಗಿರಬೇಕು. 1984ರಲ್ಲಿ ನಮ್ಮ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪೆನಿ ಮಾಡಿ, ಸುಮಾರು 75,000 ಎಕರೆ ಸಿ ಮತ್ತು ಡಿ ದರ್ಜೆಯ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. ದಾಖಲೆಯಲ್ಲಿ ಅದು ಸರ್ಕಾರದ ಜಮೀನು. ಆದರೆ ಹಳ್ಳಿಯ ದನ ಮೇಯುತ್ತಿದ್ದದ್ದು, ಸೌದೆ ಸೊಪ್ಪು ಬರುತ್ತಿದ್ದದ್ದು ಅಲ್ಲಿಂದಲೇ. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಅಂತಲೇ ಆ ಸತ್ಯಾಗ್ರಹಕ್ಕೆ ಹೆಸರು. ಕೋರ್ಟಿನಲ್ಲೂ ಬೀದಿಯಲ್ಲೂ ಹೋರಾಟ ನಡೆದು 1991ರಲ್ಲಿ ಕಂಪೆನಿ ಮುಚ್ಚಿತು. ಒಹಾಕಾದವರಂತೆಯೇ ನಾವೂ ಗೆದ್ದೆವು. ಆದರೆ ಮಾರನೇ ದಿನದ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಭೂಮಿ ಕಂಪೆನಿಯಿಂದ ತಪ್ಪಿತು, ಊರಿನ ಒಡೆತನಕ್ಕೆ ಬರಲಿಲ್ಲ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ತಗೊಳ್ಳಿ. ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಟ್ಟಿದ್ದಾರೆ. ಅದು ಒಡೆತನವಲ್ಲ, ಸವಲತ್ತು. ಅದೂ ತೋಟ ಇರೋರಿಗೆ. ತೋಟದಲ್ಲಿ ದುಡಿಯೋನಿಗೆ ಅದರಲ್ಲಿ ಪಾಲಿಲ್ಲ. ಗೋಮಾಳದ ಸ್ಥಿತಿ ಇನ್ನೂ ಕೆಟ್ಟದ್ದು. ಅದಕ್ಕೆ ಬೇಲಿ ಹಾಕಿದವರು ಯಾರು? ತುಂಡು ನೆಲವಿಲ್ಲದೆ ಎರಡು ಎಕರೆ ಬಗರ್ ಹುಕುಂ ಮಾಡಿದ ಬಡವನ ವಿಷಯ ನಾನು ಹೇಳ್ತಿಲ್ಲ. ಹತ್ತಿಪ್ಪತ್ತು ಎಕರೆ ಇದ್ದೂ ಗೋಮಾಳದ ಕಡೆಗೆ ವರ್ಷಕ್ಕೊಂದು ಸಾಲು ನೇಗಿಲು ಸರಿಸಿದವರು ಪ್ರತಿ ಊರಲ್ಲೂ ಇದ್ದಾರೆ, ನಮ್ಮ ಸಂಘದಲ್ಲೂ ಇದ್ದಾರೆ. ಕಂಪೆನಿ ಬಂದಾಗ ಗೋಮಾಳ ಊರಿನದು ಅನ್ನೋದು, ಕಂಪೆನಿ ಹೋದ ಮೇಲೆ ನನ್ನದು ಅನ್ನೋದು, ಇದು ಚಳವಳಿ ಆಗೋದಿಲ್ಲ.

ಆಗೋದೇ ಇಲ್ಲ ಅಂತಲೂ ಹೇಳಬೇಡಿ. ಕುಮಟಾ ತಾಲ್ಲೂಕಿನ ಹಳಕಾರದಲ್ಲಿ 1920ರ ದಶಕದಲ್ಲಿ ಶುರುವಾದ ಗ್ರಾಮ ಅರಣ್ಯ ಪಂಚಾಯಿತಿ ಊರಿನ ಕಾಡನ್ನು ತಾನೇ ಕಾವಲಿಟ್ಟು ಉಳಿಸಿಕೊಂಡಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ (ಲೇಖಾ) ಎಂಬ ಗೊಂಡ ಜನರ ಸಣ್ಣ ಹಳ್ಳಿ 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಮುದಾಯ ಹಕ್ಕು ಪಡೆಯಿತು. ಕಾಗದ ಬಂತು, ಆದರೆ ಬಿದಿರು ಸಾಗಿಸುವ ರಹದಾರಿ ಪುಸ್ತಕ ಅರಣ್ಯ ಇಲಾಖೆಯ ಹತ್ತಿರವೇ ಉಳಿಯಿತು. ಕಡಿಯಬಹುದು, ಮಾರೋಕಾಗೋದಿಲ್ಲ. 2011ರ ಏಪ್ರಿಲ್‌ನಲ್ಲಿ ಆ ಪುಸ್ತಕ ಗ್ರಾಮಸಭೆಯ ಕೈಗೆ ಬಂದ ಮೇಲೆಯೇ ಬಿದಿರಿನ ಬೆಲೆ ಊರಿನ ಕೈಗೆ ಬಂದದ್ದು. 2013ರಲ್ಲಿ ಆ ಊರಿನವರು ತಮ್ಮ ಉಳುವ ಹೊಲಗಳನ್ನೂ ಗ್ರಾಮದಾನ ಕಾನೂನಿನಂತೆ ಊರಿಗೇ ಒಪ್ಪಿಸಲು ತೀರ್ಮಾನಿಸಿದರು. ಒಹಾಕಾ ಎಲ್ಲಿ, ಗಡಚಿರೋಲಿ ಎಲ್ಲಿ, ಪಾಠ ಒಂದೇ. ಕಾಡು ಯಾರದ್ದು ಅಂತ ಕೇಳಿದರೆ ಸಾಲದು. ಗರಗಸ, ತಕ್ಕಡಿ, ರಹದಾರಿ, ಲೆಕ್ಕದ ಪುಸ್ತಕ ಯಾರ ಕೈಲಿದೆ ಅಂತ ಕೇಳಬೇಕು.

ನಿಮ್ಮ ಹೊಲವನ್ನು ನಾಳೆಯೇ ಊರಿಗೆ ಬರೆದುಕೊಡಿ ಅಂತ ನಾನು ಹೇಳೋಕೆ ಬಂದಿಲ್ಲ. ಕಾಡು, ಗೋಮಾಳ, ಗುಂಡುತೋಪು, ಕೆರೆ ಅಂಗಳ ಇನ್ನೂ ಎಷ್ಟು ಉಳಿದಿದೆಯೋ ಅಷ್ಟನ್ನು ಊರಿನದಾಗಿ ಮಾಡಿಕೊಳ್ಳಿ ಅಂತ ಕೇಳ್ತೇನೆ. ಅದಕ್ಕೆ ನಾಲ್ಕು ಕೆಲಸ.

ಮೊದಲನೆಯದು, ತಾಲ್ಲೂಕು ಕಚೇರಿಯಿಂದ ನಿಮ್ಮ ಊರಿನ ಇಂಥ ಭೂಮಿಯ ಸರ್ವೆ ನಂಬರು, ವಿಸ್ತೀರ್ಣ ಪಟ್ಟಿ ತೆಗೆಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ ಹಾಕಿ. ಪಟ್ಟಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. ಎರಡನೆಯದು, ಕಾಡಂಚಿನ ಊರುಗಳು ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಬ್ಬೊಬ್ಬರ ಅರ್ಜಿಯ ಹಿಂದೆ ಮಾತ್ರ ಓಡದೆ, ಸಮುದಾಯ ಹಕ್ಕಿನ ಅರ್ಜಿಯನ್ನೂ ಹಾಕಬೇಕು. ಬುಡಕಟ್ಟಿನವರಲ್ಲದ ರೈತರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ಮತ್ತು ಅವಲಂಬನೆ ತೋರಿಸಬೇಕಾಗುತ್ತೆ. ಊರಿನ ಹಿರಿಯರು ಬದುಕಿರುವಾಗಲೇ ಅವರ ಹೇಳಿಕೆ ಬರೆಸಿಕೊಳ್ಳಿ. ಮೂರನೆಯದು, ತೋಪಿನ ಹುಣಸೆ, ಹೊಂಗೆ, ಬಿದಿರು, ಸೀಗೆ ಏನೇ ಇರಲಿ, ಮರದ ಮೇಲಿರುವಾಗಲೇ ಕಂಟ್ರಾಕ್ಟರಿಗೆ ಹರಾಜು ಹಾಕುವ ಪದ್ಧತಿ ಬಿಡಿ. ಊರೇ ಕೀಳಿಸಲಿ, ಊರೇ ತೂಗಲಿ, ಸಾಧ್ಯವಾದರೆ ಒಂದು ಹಂತವಾದರೂ ಹದ ಮಾಡಿ ಮಾರಲಿ. ನಾಲ್ಕನೆಯದು, ಜಮೀನಿಲ್ಲದವರು, ಹೆಂಗಸರು ಈ ಲೆಕ್ಕದಲ್ಲಿ ಸಮಪಾಲಿನವರಾಗಿ ಕೂರಬೇಕು. ಅವರಿಗೆ ಪಾಲಿಲ್ಲದ ಗೋಮಾಳವನ್ನು ಕಾಯೋಕೆ ಅವರು ಯಾಕೆ ಬರ್ತಾರೆ?

ಇದರಿಂದ ನಿಮ್ಮ ಬ್ಯಾಂಕಿನ ಸಾಲ ತೀರೋದಿಲ್ಲ, ಅದು ನನಗೂ ಗೊತ್ತು. ಆದರೆ ಮೇವು, ಗೊಬ್ಬರ, ಸೌದೆ, ಮರ ಇವತ್ತು ನೀವು ದುಡ್ಡು ಕೊಟ್ಟು ತರುವ ಸಾಮಾನುಗಳಾಗಿವೆ. ಅವು ದುಡ್ಡಿನ ಸಾಮಾನಾದ ದಿನದಿಂದಲೇ ನಿಮ್ಮ ಸಾಲದ ಪುಸ್ತಕ ದಪ್ಪವಾಗುತ್ತ ಬಂದಿದೆ. ನಿಮ್ಮ ಹೆಸರಿನ ಪಹಣಿಯ ಮೇಲೆ ಬ್ಯಾಂಕಿನ ಬೋಜ ಇದೆ. ಊರಿನ ಗೋಮಾಳದ ಮೇಲೆ ಇನ್ನೂ ಆ ಬೋಜ ಬಿದ್ದಿಲ್ಲ. ಸಾಲಕ್ಕೆ ಸಿಗದ ಆ ಒಂದು ಆಸ್ತಿ ನಿಮ್ಮ ಊರಲ್ಲಿ ಎಷ್ಟು ಎಕರೆ ಉಳಿದಿದೆ? ಮುಂದಿನ ಸಭೆಗೆ ಬರುವಾಗ ಆ ಲೆಕ್ಕ ಹಿಡಿದು ಬನ್ನಿ.